ಅಜ್ಜಿಯ ನೆನಪಿನ ಪುಸ್ತಕ ಮಾಡುತ್ತೀರಾ? ಮೊದಲು ಡಬ್ಬಿ ತೆಗೆದು ನೋಡಿ

ಅಮ್ಮಮ್ಮ (ನನ್ನ ಅಪ್ಪನ ಅಮ್ಮ, ಮಕ್ಕಳಿಗೆಲ್ಲ ‘ಆಯಿ’) ಹೋಗಿ ಹದಿಮೂರನೇ ದಿನ. ವೈಕುಂಠ ಸಮಾರಾಧನೆಯ ಊಟ ಮುಗಿದಿತ್ತು. ಎಲ್ಲರೂ ಜಗಲಿಯಲ್ಲಿ ಕವಳದ (ಎಲೆ ಅಡಕೆಯ) ತಬಕಿನ ಸುತ್ತ ಕೂತಿದ್ದಾಗ ದೊಡ್ಡಪ್ಪ ನನ್ನ ಕಡೆ ನೋಡಿ, ‘ವರ್ಷಾಂತದೊಳಗೆ ಆಯಿ ಮೇಲೆ ಒಂದು ಸಣ್ಣ ಪುಸ್ತಕ ಮಾಡವು. ಕೂಸೆ, ನಿಂಗೆ ಕಂಪ್ಯೂಟರ್ ಬರ್ತಲ್ದಾ, ನೀನೇ ಮಾಡು’ ಅಂದರು. ವರ್ಷಾಂತ ಅಂದರೆ ಹೋಗಿ ಒಂದು ವರ್ಷಕ್ಕೆ ಮಾಡುವ ಕರ್ಮ. ಕಂಪ್ಯೂಟರ್ ಬರುತ್ತದೆ ಅನ್ನುವುದೊಂದೇ ನನ್ನ ಅರ್ಹತೆ.

ಎರಡು ರಾತ್ರಿ ಕೂತು ನಾಲ್ಕು ಪುಟ ಬರೆದೆ. ದೈವಭಕ್ತೆ, ಸಹನಾಮೂರ್ತಿ, ಬಡವರ ಬಂಧು, ಮನೆತನದ ಆಧಾರಸ್ತಂಭ, ಎಲ್ಲ ಬಂತು. ಹೆಮ್ಮೆಯಿಂದ ಸೋದರತ್ತೆಗೆ ಕಳಿಸಿದೆ. ಅತ್ತೆ ಫೋನ್ ಮಾಡಿ, ‘ಚೊಲೋ ಇದ್ದು. ಆದ್ರೆ ಇದು ಯಾರ ಕತೆ?’ ಅಂತ ಕೇಳಿದರು.

ಅಲ್ಲಿಂದ ಮತ್ತೆ ಶುರು ಮಾಡಿ, ಹನ್ನೊಂದು ತಿಂಗಳು ತಿರುಗಾಡಿ, 36 ಪುಟದ ಪುಸ್ತಕ ಮಾಡಿದ್ದಾಯಿತು. ಆಮೇಲೆ ಮೂರು ಮನೆಯವರು ‘ಹೇಗೆ ಮಾಡಿದ್ದು, ಸ್ವಲ್ಪ ಹೇಳು’ ಅಂದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ನಾವು ಶಿರಸಿ ತಾಲೂಕಿನ ಹಳ್ಳಿಯವರು, ಅಮ್ಮಮ್ಮನ ತವರು ಕುಮಟಾ ಕಡೆ, ಘಟ್ಟದ ಕೆಳಗೆ. ನಿಮ್ಮ ಮನೆಯ ರೀತಿ ಬೇರೆ ಇರಬಹುದು, ನಿಮಗೆ ಬೇಕಾದ್ದು ತೆಗೆದುಕೊಳ್ಳಿ.

ಅಜ್ಜಿ ಇನ್ನೂ ಇದ್ದಾರೆಯೇ?

ಇದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಊರಿಗೆ ಹೋಗಿ. ಸುಮ್ನೆ ಹೇಳುತ್ತಿಲ್ಲ. ನನ್ನ ಹತ್ತಿರ ಅಮ್ಮಮ್ಮನ ಧ್ವನಿ ಇರುವುದು ಒಟ್ಟು ಒಂಬತ್ತು ನಿಮಿಷ, ಅದರಲ್ಲಿ ಅರ್ಧ ‘ಊಟ ಆತಾ? ಎಂತಾ ಮಾಡಿದ್ದೆ?’ ಅನ್ನುವ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜು.

ಹೋದಾಗ ಕುರ್ಚಿ ಹಾಕಿ ಎದುರಿಗೆ ಕೂರಿಸಬೇಡಿ. ಫೋನ್ ಹಿಡಿದು ‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಅಂದರೆ ಯಾವ ಅಜ್ಜಿಯಾದರೂ ಸೆರಗು ಸರಿ ಮಾಡಿಕೊಂಡು ‘ನಂದೆಂತ ಇದ್ದು ಹೇಳಲೆ’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಕೈಗೆ ಕೆಲಸ ಇದ್ದಾಗ ಮಾತು ತಾನಾಗಿಯೇ ಬರುತ್ತದೆ. ನಮ್ಮ ಕಡೆ ಅಡಕೆ ಸುಲಿಯುವ ಕಾಲಕ್ಕೆ ರಾತ್ರಿ ಮೆಟ್ಟುಗತ್ತಿ ಇಟ್ಟುಕೊಂಡು ನಾಲ್ಕೈದು ಜನ ಜಗಲಿಯಲ್ಲಿ ಕೂರುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಲಸಿನ ಹಪ್ಪಳ ಒತ್ತುವಾಗ, ಬತ್ತಿ ಹೊಸೆಯುವಾಗ, ಅಕ್ಕಿ ಆರಿಸುವಾಗ ನೀವೂ ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡಿ. ತಪ್ಪಾಗಿ ಮಾಡಿ, ಇನ್ನೂ ಒಳ್ಳೆಯದು. ಬೈಯುತ್ತ ಬೈಯುತ್ತ ಅವರು ತಮ್ಮ ಅತ್ತೆ ಹೇಗೆ ಬೈಯುತ್ತಿದ್ದರು ಅಂತ ಹೇಳಲು ಶುರು ಮಾಡುತ್ತಾರೆ.

ರೆಕಾರ್ಡ್ ಮಾಡುವ ವಿಷಯ

ಒಳ್ಳೆ ಮೈಕು ಬೇಕಾಗಿಲ್ಲ. ಫೋನಿನಲ್ಲಿರುವ ರೆಕಾರ್ಡರ್ ಸಾಕು. ಮೊದಲು ಫ್ಲೈಟ್ ಮೋಡ್ ಹಾಕಿ. ಆಮೇಲೆ ಮಡಿಸಿದ ಟವೆಲ್ ಮೇಲೆ, ಮಾತಾಡುವವರಿಂದ ಎರಡು ಗೇಣಿನೊಳಗೆ ಫೋನ್ ಇಡಿ. ಮೇಜಿನ ಮೇಲೆ ನೇರ ಇಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನ ಹಾಗೆ ಬರುತ್ತದೆ. ರೆಕಾರ್ಡ್ ಮಾಡುತ್ತಿದ್ದೇನೆ ಅಂತ ಹೇಳಿಯೇ ಮಾಡಿ. ಕದ್ದು ಮಾಡಬೇಡಿ, ಒಬ್ಬರಿಗೆ ಗೊತ್ತಾದರೆ ಇಡೀ ಊರಿನಲ್ಲಿ ನಿಮ್ಮೆದುರು ಯಾರೂ ಬಾಯಿ ಬಿಡುವುದಿಲ್ಲ.

ಮಳೆಗಾಲ ತಪ್ಪಿಸಿ. ಇದು ನನ್ನ ದೊಡ್ಡ ಪೆಟ್ಟು. ಆಷಾಢದಲ್ಲಿ ಅಮ್ಮಮ್ಮನ ತಂಗಿಯ ಮನೆಗೆ ಹೋದೆ. ಅವರು ನಲವತ್ತು ನಿಮಿಷ, ನಡುವೆ ಒಂದು ಲೋಟ ನೀರೂ ಕುಡಿಯದೆ, ಅಕ್ಕನ ಮದುವೆ ದಿಬ್ಬಣ ದೇವಿಮನೆ ಘಟ್ಟ ಹತ್ತಿದ ಕತೆ ಹೇಳಿದರು. ಮನೆಗೆ ಬಂದು ಕೇಳಿದರೆ ಬರೀ ಮಳೆ. ಹಿತ್ಲು ಕಡೆ ಮಾಡಿಗೆ ಹಾಕಿದ ತಗಡಿನ ಮೇಲೆ ಬಿದ್ದ ಮಳೆ, ನಲವತ್ತು ನಿಮಿಷ. ದೀಪಾವಳಿ ಆದ ಮೇಲೆ ಮತ್ತೆ ಹೋದೆ, ಆಗ ಹೇಳಿದ್ದು ಹದಿನೈದೇ ನಿಮಿಷ. ಮೊದಲ ಸಲ ಬಂದ ಮಾತು ಎರಡನೇ ಸಲ ಬರುವುದಿಲ್ಲ.

ಹಾಗಾಗಿ ಶುರುವಿಗೆ ಒಂದು ನಿಮಿಷ ರೆಕಾರ್ಡ್ ಮಾಡಿ, ಅಲ್ಲೇ ಕೇಳಿ ನೋಡಿ, ಆಮೇಲೆ ಮುಂದುವರಿಸಿ. ಮನೆಗೆ ಬಂದ ದಿನವೇ ಫೈಲಿಗೆ ಹೆಸರು ಕೊಡಿ: ದಿನಾಂಕ, ಯಾರು, ಯಾವ ಊರು, ಯಾವ ವಿಷಯ. ಇಲ್ಲದಿದ್ದರೆ ಆರು ತಿಂಗಳ ನಂತರ ‘ರೆಕಾರ್ಡಿಂಗ್ 47’ ಯಾರದ್ದು ಅಂತ ದೇವರಿಗೂ ಗೊತ್ತಿರುವುದಿಲ್ಲ. ಫೋನಿನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲಿ ಒಂದು ಪ್ರತಿ ಇರಲಿ. ನಮ್ಮೂರಲ್ಲಿ ನೆಟ್‌ವರ್ಕ್ ಬೇಕಾದರೆ ಬೆಟ್ಟ ಹತ್ತಬೇಕು, ಅದಕ್ಕೆ ನಾನು ಶಿರಸಿ ಪೇಟೆಗೆ ಹೋದಾಗಲೇ ಎಲ್ಲ ಒಟ್ಟಿಗೆ ಹಾಕುತ್ತಿದ್ದೆ.

ಪೆಟ್ಟಿಗೆ, ಡಬ್ಬಿ, ಪಂಚಾಂಗ

ಜನರ ಹತ್ತಿರ ಹೋಗುವ ಮೊದಲು ಮನೆಯಲ್ಲೇ ಒಂದು ವಾರ ಹುಡುಕಿ. ಅಜ್ಜಿಯ ಟ್ರಂಕು, ದೇವರ ಗೂಡಿನ ಹಿಂದೆ, ಅಟ್ಟದ ಮೇಲೆ, ಹಾಸಿಗೆ ಕೆಳಗೆ. ಯಾವುದನ್ನೂ ‘ಕಸ’ ಅಂತ ಎಸೆಯಲು ಬಿಡಬೇಡಿ. ಸಾವಿನ ಮನೆಯಲ್ಲಿ ಯಾರೋ ಒಬ್ಬರು ಸ್ವಚ್ಛ ಮಾಡಲು ಹೊರಟೇ ಹೊರಡುತ್ತಾರೆ, ಅವರನ್ನು ತಡೆಯುವುದೇ ಮೊದಲ ಕೆಲಸ.

ನಮಗೆ ಸಿಕ್ಕಿದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಹಳೇ ಬಗ್ಗೋಣ ಪಂಚಾಂಗಗಳು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ಪಂಚಾಂಗವೇ ಡೈರಿ. ಅಜ್ಜ ಅದರ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು: ‘ಕೆಂಪಿ ಕರು ಹಾಕಿತು’, ‘ಕೊನೆಕೊಯ್ಲು ಶುರು’, ‘ಇವಳು ತವರಿಗೆ’, ‘ಇವಳು ಬಂದಳು’. ಹೆಂಡತಿಯ ಹೆಸರು ಎಲ್ಲೂ ಇಲ್ಲ, ಬರೀ ‘ಇವಳು’. ಆದರೂ ಅದರಿಂದ ನಮಗೆ ಅಮ್ಮಮ್ಮ ಯಾವ ವರ್ಷ ಎಷ್ಟು ದಿನ ತವರಿನಲ್ಲಿದ್ದಳು ಅಂತ ಲೆಕ್ಕ ಸಿಕ್ಕಿತು.

ಇನ್ನೊಂದು, ಹಾಡಿನ ಪುಸ್ತಕ. ಮದುವೆ ಹಾಡು, ಆರತಿ ಹಾಡು, ಭಜನೆ ಬರೆದುಕೊಂಡ ಉದ್ದ ನೋಟ್‌ಬುಕ್ ಹೆಚ್ಚಿನ ಅಜ್ಜಿಯರ ಹತ್ತಿರ ಇರುತ್ತದೆ. ಪ್ರತಿ ಪುಟದ ಫೋಟೋ ತೆಗೆಯಿರಿ. ಕಾಗುಣಿತ ತಿದ್ದಲು ಹೋಗಬೇಡಿ, ಅವರು ‘ಕ್ರುಷ್ಣ’ ಅಂತ ಬರೆದಿದ್ದರೆ ಹಾಗೇ ಇರಲಿ. ಆದರೆ ನೋಟ್‌ಬುಕ್ಕಿನಲ್ಲಿ ಧಾಟಿ ಇರುವುದಿಲ್ಲ. ಅವರ ಜೊತೆ ಹಾಡುತ್ತಿದ್ದ ಯಾರನ್ನಾದರೂ ಕೂರಿಸಿ ಪ್ರತಿ ಹಾಡಿನ ಮೊದಲ ಎರಡು ಸಾಲು ಹಾಡಿಸಿ ಇಟ್ಟುಕೊಳ್ಳಿ. ಇಡೀ ಹಾಡು ಬೇಡ, ಎರಡು ಸಾಲಿಗೆ ಧಾಟಿ ಸಿಗುತ್ತದೆ.

ಮತ್ತೆ ಆ ಡಬ್ಬಿ. ಹಾರ್ಲಿಕ್ಸ್ ಬಾಟಲಿಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ತುಂಬ ಹುಣಸೆ ಬೀಜ. ಚನ್ನೆಮಣೆ ಆಡಲು ಇಟ್ಟದ್ದು ಅಂದುಕೊಂಡು ಚಿಕ್ಕಮ್ಮ ಹಿತ್ತಿಲಿಗೆ ಚೆಲ್ಲಲು ಹೊರಟಿದ್ದರು. ಪಕ್ಕದ ಮನೆ ಅತ್ತೆ ನೋಡಿ, ‘ಅಯ್ಯೋ, ಅದು ಬತ್ತಿ ಲೆಕ್ಕ’ ಅಂದರು. ಅಮ್ಮಮ್ಮ ಲಕ್ಷ ಬತ್ತಿಯ ಹರಕೆ ಹೊತ್ತಿದ್ದಳಂತೆ. ನೂರು ಹೂಬತ್ತಿ ಆದರೆ ಒಂದು ಬೀಜ ಡಬ್ಬಿಗೆ. ಮನೆಯವರಿಗೆ ಯಾರಿಗೂ ಗೊತ್ತಿರಲಿಲ್ಲ. ನಾವು ಎಣಿಸಿದೆವು, 613 ಬೀಜ ಇತ್ತು.

ಈ ಡಬ್ಬಿ ಸಿಗದಿದ್ದರೆ ನಾನು ಅವಳ ಭಕ್ತಿಯ ಬಗ್ಗೆ ಬರೆಯುತ್ತಿದ್ದದ್ದು ಇಷ್ಟೇ: ‘ದಿನಾ ಪೂಜೆ ಮಾಡುತ್ತಿದ್ದಳು, ಮಾರಿಕಾಂಬೆಗೆ ನಡೆದುಕೊಳ್ಳುತ್ತಿದ್ದಳು, ಇಡಗುಂಜಿ, ಗೋಕರ್ಣ, ಸೋಂದಾ ಎಲ್ಲ ನೋಡಿದ್ದಳು.’ ಇದು ನಮ್ಮ ಕಡೆಯ ಯಾವ ಅಜ್ಜಿಗಾದರೂ ಹೊಂದುತ್ತದೆ, ಅಲ್ವಾ? ಹೋದ ದೇವಸ್ಥಾನಗಳ ಪಟ್ಟಿ ಕೊಡುವ ಬದಲು, ದಿನಾ ದೇವರ ಎದುರು ಕೈ ಏನು ಮಾಡುತ್ತಿತ್ತು ಅಂತ ಬರೆಯಿರಿ. ಅಮ್ಮಮ್ಮ ಅರಳೆಯನ್ನು ಬೀಜ ಬಿಡಿಸಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಒಂದು ಚಿಟಿಕೆ ಕಿತ್ತು, ಅಂಗೈಯಲ್ಲಿ ಗುಂಡಗೆ ಹರಡಿ, ಬೆರಳನ್ನು ಬೂದಿಗೆ ಅದ್ದಿ, ನಡುವೆ ಹಿಡಿದು ತುದಿ ಹೊಸೆಯುತ್ತಿದ್ದಳು. ಮಾತಾಡುತ್ತಲೇ, ಯಾರನ್ನೋ ಬೈಯುತ್ತಲೇ. ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಬೂದಿ. ಇಷ್ಟು ಬರೆದ ಮೇಲೆ ‘ದೈವಭಕ್ತೆ’ ಅನ್ನುವ ಮಾತನ್ನು ಹೊಡೆದು ಹಾಕಿದೆ, ಅದರ ಅಗತ್ಯ ಉಳಿದಿರಲಿಲ್ಲ.

ಯಾವಾಗ ಶುರು ಮಾಡಿದಳು ಅಂತ ಕೇಳಿದ್ದಕ್ಕೆ ಪಕ್ಕದ ಮನೆ ಅತ್ತೆ ಒಂದು ನಿಮಿಷ ಸುಮ್ಮನಿದ್ದು, ‘ನಿಮ್ಮಜ್ಜ ಹೋದ ಮರುವರ್ಷ’ ಅಂದರು. ಅಜ್ಜ ಹೋದ ಮೇಲೆ ಅರಿಶಿನ ಕುಂಕುಮಕ್ಕೆ ಯಾರೂ ಕರೆಯುತ್ತಿರಲಿಲ್ಲ. ಮದುವೆ ಮನೆಯಲ್ಲಿ ಹಾಡಲು ಮುಂದೆ ಕೂರಿಸುತ್ತಿರಲಿಲ್ಲ. ಬತ್ತಿ ಹೊಸೆಯಲು ಯಾರ ಕರೆಯೂ ಬೇಕಿರಲಿಲ್ಲ.

ಎರಡು ಹೆಸರು, ಮೂರು ಜನ್ಮದಿನ

ಇದು ಸ್ವಲ್ಪ ತಲೆನೋವಿನ ಭಾಗ, ಆದರೆ ಬಿಡಬೇಡಿ.

ಹಿಂದೆ ನಮ್ಮಲ್ಲಿ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುತ್ತಿದ್ದರು. ಹಾಗಾಗಿ ರೇಷನ್ ಕಾರ್ಡಿನ ಹೆಸರು ಹಿಡಿದು ತವರೂರಿನ ಶಾಲೆಗೆ ಹೋದರೆ ಏನೂ ಸಿಗುವುದಿಲ್ಲ. ನಾನು ಹಾಗೇ ಹೋಗಿ ವಾಪಸ್ ಬಂದೆ. ಆಮೇಲೆ ಅಮ್ಮಮ್ಮನ ತಂಗಿ ನಗುತ್ತ ಹಳೇ ಹೆಸರು ಹೇಳಿದರು. ನಲವತ್ತು ವರ್ಷ ಸೊಸೆಯಾಗಿದ್ದ ನನ್ನ ಅಮ್ಮನಿಗೂ ಆ ಹೆಸರು ಗೊತ್ತಿರಲಿಲ್ಲ. ಶಾಲೆಯ ಜನರಲ್ ರಜಿಸ್ಟರಿನಲ್ಲಿ ಆ ಹೆಸರು, ಅಪ್ಪನ ಹೆಸರು, ಸೇರಿದ ದಿನ, ಬಿಟ್ಟ ದಿನ ಎಲ್ಲ ಇತ್ತು. ಮುಲ್ಕಿ ಪರೀಕ್ಷೆಗೆ (ಆಗಿನ ಏಳನೇ ತರಗತಿಯ ಪರೀಕ್ಷೆ) ಒಂದು ವರ್ಷ ಇರುವಾಗ ಬಿಡಿಸಿದ್ದಾರೆ. ಅವಳಾಗಿ ಯಾವತ್ತೂ ಹೇಳಿರಲಿಲ್ಲ. ಮುಖ್ಯ ಶಿಕ್ಷಕರಿಗೆ ಒಂದು ಅರ್ಜಿ ಕೊಟ್ಟು, ಯಾಕೆ ಬೇಕು ಅಂತ ವಿನಯದಿಂದ ಹೇಳಿದರೆ ಹೆಚ್ಚಿನವರು ತೋರಿಸುತ್ತಾರೆ. ಸಂಬಳದ ದಿನ, ಪರೀಕ್ಷೆ ದಿನ ಹೋಗಬೇಡಿ. ಇನ್ನೊಂದು ನೆನಪಿರಲಿ, 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಇದ್ದದ್ದು ಮುಂಬಯಿ ರಾಜ್ಯದಲ್ಲಿ, ಉತ್ತರ ಕನ್ನಡ ಅನ್ನುವ ಹೆಸರು ಸರಕಾರಿ ಕಾಗದಕ್ಕೆ ಬಂದದ್ದು 1977ರಲ್ಲಿ. ಹಳೇ ಕಾಗದದಲ್ಲಿ ‘ನಾರ್ತ್ ಕೆನರಾ’ ಅಂತಿದ್ದರೆ ಗಾಬರಿ ಬೇಡ, ಅದು ನಮ್ಮದೇ.

ಜನ್ಮದಿನದ ಕತೆ ಇನ್ನೂ ಚೆನ್ನ. ಆಧಾರ್ ಕಾರ್ಡಿನಲ್ಲಿ ಜನವರಿ 1, 1934. ಆ ಕಾಲದ ಅರ್ಧ ಅಜ್ಜಿಯರು ಜನವರಿ 1ರಂದೇ ಹುಟ್ಟಿದವರು, ಕಾರ್ಡ್ ಮಾಡಿದವರ ದಯೆ. ಶಾಲೆಯಲ್ಲಿ ಇನ್ನೊಂದು ದಿನಾಂಕ. ಜಾತಕದಲ್ಲಿ ‘ಧಾತು ಸಂವತ್ಸರ, ಮಾಘ ಮಾಸ’. ನಂಬಬೇಕಾದ್ದು ಜಾತಕವನ್ನು, ಯಾಕೆಂದರೆ ಅದು ಹುಟ್ಟಿದಾಗಲೇ ಬರೆದದ್ದು. ಸಂವತ್ಸರ ಲೆಕ್ಕ ಹೀಗೆ ಮಾಡಿ: ಅರವತ್ತು ವರ್ಷದ ಚಕ್ರದಲ್ಲಿ ಮೊದಲನೆಯದು ಪ್ರಭವ. ಅದು 1927ರ ಯುಗಾದಿಗೆ ಶುರುವಾಯಿತು, ಮತ್ತೆ ಬಂದದ್ದು 1987ರಲ್ಲಿ. ಧಾತು ಹತ್ತನೆಯದು, ಅಂದರೆ 1936ರ ಯುಗಾದಿಯಿಂದ 1937ರ ಯುಗಾದಿವರೆಗೆ. ಮಾಘ ಬರುವುದು ವರ್ಷದ ಕೊನೆಗೆ, ಆದ್ದರಿಂದ ಅವಳು ಹುಟ್ಟಿದ್ದು 1937ರಲ್ಲಿ, 36ರಲ್ಲಿ ಅಲ್ಲ. ಇಲ್ಲೇ ಜನ ಒಂದು ವರ್ಷ ತಪ್ಪುತ್ತಾರೆ. ಪಂಚಾಂಗ ನೋಡಲು ಬರುವ ಭಟ್ಟರನ್ನು ಕೇಳಿದರೆ ತಿಥಿಯಿಂದ ತಾರೀಖನ್ನೂ ತೆಗೆದುಕೊಡುತ್ತಾರೆ.

ಹಳಬರಿಗೆ ಇಸವಿ ಕೇಳಬೇಡಿ. ‘ಆಗ ಏನು ನಡೀತಿತ್ತು?’ ಅಂತ ಕೇಳಿ. ‘ಗಾಂಧಿ ಹೋದ ವರ್ಷ’ ಅಂದರೆ 1948. ‘ನಯಾಪೈಸೆ ಬಂದ ವರ್ಷ’ ಅಂದರೆ 1957. ದೊಡ್ಡಪ್ಪ ಹುಟ್ಟಿದ್ದು ಹಾಗೇ ಸಿಕ್ಕಿತು, ಬಾಣಂತಿ ಖರ್ಚಿನ ಲೆಕ್ಕ ಆಣೆಯಲ್ಲಿ ಶುರುವಾಗಿ ಪೈಸೆಯಲ್ಲಿ ಮುಗಿದಿತ್ತಂತೆ. ‘ಡಿಕ್ಲರೇಷನ್ ಕೊಟ್ಟ ವರ್ಷ’ ಅಂದರೆ ಗೇಣಿದಾರರು ಜಮೀನಿಗೆ ಅರ್ಜಿ ಹಾಕಿದ 1974ರ ಭೂಸುಧಾರಣೆಯ ಆಸುಪಾಸು. ‘ಶಿರಸಿ ಜಾತ್ರೆ ವರ್ಷ’ ಅಂದರೆ ಅದೊಂದರಿಂದಲೇ ಇಸವಿ ಸಿಗುವುದಿಲ್ಲ, ಆದರೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಆಗುವುದರಿಂದ ಇರಬಹುದಾದ ಇಸವಿಗಳಲ್ಲಿ ಅರ್ಧವನ್ನು ಬಿಟ್ಟುಬಿಡಬಹುದು.

ಕೇಳುವುದು ಯಾರನ್ನು, ಹೇಗೆ

ಮನೆಯವರನ್ನು ಕೊನೆಗೆ ಕೇಳಿ. ನಿಜ, ಕೊನೆಗೆ. ಮನೆಯವರು ಎಲ್ಲ ಒಂದೇ ನಾಲ್ಕು ಕತೆ ಹೇಳುತ್ತಾರೆ, ಅದೂ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿ ಹೇಳುವುದು. ಮೊಮ್ಮಕ್ಕಳಿಗಂತೂ ಅಜ್ಜಿ ಅಂದರೆ ಕಜ್ಜಾಯ, ತೊಡೆದೇವು, ರಜೆ. ನಮಗೆ ಅವಳು ಕೊಟ್ಟದ್ದು ಮಾತ್ರ ನೆನಪಿರುತ್ತದೆ. ಹೊರಗಿನವರ ಹತ್ತಿರ ಹೋಗಿ: ತೋಟದ ಕೆಲಸಕ್ಕೆ ಬರುತ್ತಿದ್ದವರು, ಕೊನೆಗೌಡ (ಅಡಕೆ ಕೊನೆ ಇಳಿಸುವವನು), ಭಜನೆ ಮಾಡುತ್ತಿದ್ದ ಗೆಳತಿಯರು, ಹಾಲಿನ ಡೇರಿಯವರು, ನಿವೃತ್ತ ಶಾಲೆ ಮಾಸ್ತರು, ಬೇರೆ ಊರಿಗೆ ಮದುವೆಯಾಗಿ ಹೋದ ನೆರೆಮನೆ ಹುಡುಗಿಯರು.

‘ಅಮ್ಮಮ್ಮ ಹೇಗಿದ್ದಳು?’ ಅಂತ ಕೇಳಿದರೆ ‘ತುಂಬ ಒಳ್ಳೆಯವರು’ ಅಂತಲೇ ಬರುತ್ತದೆ. ಹೋದವರನ್ನು ಯಾರು ಕೆಟ್ಟವರು ಅನ್ನುತ್ತಾರೆ? ಕೇಳಬೇಕಾದ್ದು ಹೀಗೆ: ನಿಮ್ಮನೆಗೆ ಬಂದರೆ ಎಲ್ಲಿ ಕೂರುತ್ತಿದ್ದಳು? ಬರುವಾಗ ಕೈಯಲ್ಲಿ ಏನಿರುತ್ತಿತ್ತು? ಕೊನೆಯ ಸಲ ಜಗಳ ಆಡಿದ್ದು ಯಾಕೆ? ಯಾವ ಮಾತಿಗೆ ನಗುತ್ತಿದ್ದಳು? ‘ಉದಾರಿ’ ಅಂತ ನಾನು ಬರೆದಿದ್ದ ಜಾಗಕ್ಕೆ ನೆರೆಮನೆಯ ಹುಡುಗಿ (ಈಗ ಅವರಿಗೆ ಅರವತ್ತು) ಹೇಳಿದ ಒಂದು ಮಾತು ಹಾಕಿದೆ: ‘ಮಜ್ಜಿಗೆ ಕೇಳಿದರೆ ಮೊಸರು ಕೊಡೋರು. ಮೊಸರು ಕೊಡುವಾಗ ಕೆನೆ ಪಕ್ಕಕ್ಕೆ ಸರಿಸ್ತಿರಲಿಲ್ಲ.’

ಊರಿಗೆ ಮಾಡಿದ ಕೆಲಸವನ್ನೂ ಹೀಗೇ ಹುಡುಕಬೇಕು. ‘ಸಮಾಜಸೇವೆ’ ಅನ್ನುವ ಶಬ್ದ ಅಮ್ಮಮ್ಮನಿಗೆ ಗೊತ್ತೇ ಇರಲಿಲ್ಲ ಅನ್ನಿಸುತ್ತದೆ. ಮಾಸ್ತರು ಹೇಳಿದ್ದು: ಶಾಲೆಗೆ ದೂರದ ಕೇರಿಯಿಂದ ನಡೆದು ಬರುವ ಮಕ್ಕಳು ಮಧ್ಯಾಹ್ನ ನೀರು ಕುಡಿದು ಕೂರುತ್ತಿದ್ದರು. ಸರಕಾರದ ಬಿಸಿಯೂಟ ಎಲ್ಲ ಬರುವ ಎಷ್ಟೋ ವರ್ಷ ಹಿಂದೆ. ಅಮ್ಮಮ್ಮ ಬೆಳಗ್ಗೆ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ತೆಗೆದು ಡಾಲ್ಡಾ ಡಬ್ಬಿಗೆ ಹಾಕುತ್ತಿದ್ದಳು. ಉಳಿದ ಏಳು ಮನೆಯವರಿಗೂ ಹಾಗೇ ಮಾಡಿಸಿದಳು. ಅಮಾವಾಸ್ಯೆಗೊಮ್ಮೆ ಎಲ್ಲ ಡಬ್ಬಿ ಒಟ್ಟಾಗಿ ಶಾಲೆಗೆ, ಮಕ್ಕಳಿಗೆ ಗಂಜಿ. ಒಂದು ಮನೆಯವರು ಮುಗ್ಗಲು ಅಕ್ಕಿ ಹಾಕಿದ್ದಕ್ಕೆ ಅದನ್ನು ಅವರ ಮನೆಗೇ ಹೊತ್ತುಕೊಂಡು ಹೋಗಿ, ‘ಇದನ್ನ ನಿಂಗ ಉಂಡು ತೋರ್ಸಿ’ ಅಂದಳಂತೆ. ಈ ಕತೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಇನ್ನೊಂದು ಮನೆ ಯಾವುದು ಅಂತ ಪುಸ್ತಕದಲ್ಲಿ ಹಾಕಲಿಲ್ಲ, ಅವರ ಮೊಮ್ಮಗ ನನ್ನ ಜೊತೆ ಓದಿದವನು.

ದೊಡ್ಡ ಹೆಸರಿನ ಘಟನೆಗೆ ಅಜ್ಜಿಯನ್ನು ಅಂಟಿಸುವಾಗ ಹುಷಾರು. ನಮ್ಮ ಚಿಕ್ಕಪ್ಪ, ‘ಆಯಿ ಅಪ್ಪಿಕೊ ಚಳವಳಿಯಲ್ಲಿ ಮರ ಅಪ್ಪಿಕೊಂಡು ನಿಂತಿದ್ದಳು’ ಅಂತ ಆಣೆ ಮಾಡಿ ಹೇಳಿದರು. ಕೇಳಲು ಚೆನ್ನಾಗಿತ್ತು, ನಾನು ಬರೆದೂಬಿಟ್ಟಿದ್ದೆ. ಕಾಡು ಕಡಿಯುವುದನ್ನು ತಡೆಯುವ ಈ ಅಪ್ಪಿಕೊ ಶುರುವಾದದ್ದು 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಕಾಡಿನಲ್ಲಿ. ಅಜ್ಜನ ಆ ವರ್ಷದ ಪಂಚಾಂಗ ತೆಗೆದು ನೋಡಿದರೆ ಅಂಚಿನಲ್ಲಿ ‘ಇವಳು ತವರಿಗೆ’. ತಂಗಿಯ ಬಾಣಂತನಕ್ಕೆ ಘಟ್ಟದ ಕೆಳಗೆ ಹೋದವಳು ತಿಂಗಳು ಬಿಟ್ಟು ಬಂದಿದ್ದಾಳೆ. ಆಮೇಲೆ ವಿಚಾರಿಸಿದಾಗ ಗೊತ್ತಾದದ್ದು: ಮುಂದೆ ಯಾವಾಗಲೋ ಕಾಡಿನಲ್ಲಿ ಕಾವಲು ಕೂತವರಿಗೆ ಎರಡು ಸಲ ಒಗ್ಗರಣೆ ಅವಲಕ್ಕಿ ಕಟ್ಟಿ ಕಳಿಸಿದ್ದಳು. ಅಷ್ಟನ್ನೇ ಹಾಕಿದೆ. ಚಿಕ್ಕಪ್ಪ ಎರಡು ವಾರ ಮಾತು ಬಿಟ್ಟಿದ್ದರು.

ಬರೆಯಲೋ ಬೇಡವೋ ಅನ್ನುವ ವಿಷಯಗಳು

ಅವಳ ಕಾಲದಲ್ಲಿ ನಮ್ಮನೆ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಒಬ್ಬರ ಮನೆಗೆ ಹೋದೆ. ಈಗ ಅವರಿಗೆ ಎಪ್ಪತ್ತು ದಾಟಿದೆ. ಚಾ ಕೊಟ್ಟರು, ಕುಡಿದೆ. ಅವರೇ ಶುರು ಮಾಡಿದರು: ‘ನನ್ನ ಎರಡು ಬಾಣಂತನಕ್ಕೂ ಅಮ್ಮ ಎಣ್ಣೆ, ಬೆಲ್ಲ, ಹಳೇ ಸೀರೆ ಕಳಿಸಿದ್ರು. ದೊಡ್ಡವನಿಗೆ ಜ್ವರ ಬಂದಾಗ ರಾತ್ರಿ ಲಾಟೀನು ಹಿಡಿದು ಬಂದಿದ್ರು, ಅಂಗಳದಲ್ಲೇ ನಿಂತಿದ್ರು, ಒಳಗೆ ಬರಲಿಲ್ಲ. ನಮಗೆ ಚಾ ಮಾತ್ರ ಚಿಪ್ಪಲ್ಲಿ. ಕುಡಿದು ತೊಳೆದು ಕೊಟ್ಟಿಗೆ ಸೂರಿಗೆ ಸಿಗಿಸಿ ಇಡ್ಬೇಕಿತ್ತು.’ ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ಮಜ್ಜ ಹೋದ ಮೇಲೆ ಒಂದು ದಿನ ಸ್ಟೀಲ್ ಲೋಟದಲ್ಲಿ ಕೊಟ್ರು. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ’ ಅಂದರು.

ಇದನ್ನು ಹಾಕಬೇಕೋ ಬೇಡವೋ ಅಂತ ಮನೆಯಲ್ಲಿ ದೊಡ್ಡ ಗಲಾಟೆ. ‘ವರ್ಷಾಂತದ ಪುಸ್ತಕದಲ್ಲಿ ಇದೆಲ್ಲ ಯಾಕೆ’ ಅಂತ ಅರ್ಧ ಜನ. ನಾನು ಹಾಕಿದೆ. ಮಡಿಯೂ ಅವಳ ನಂಬಿಕೆಯ ಭಾಗವೇ ಆಗಿತ್ತು. ಅದನ್ನು ಬಿಟ್ಟು ಬರೀ ಲಾಟೀನು ಹಾಕಿದರೆ ಹೇಳಿದವರಿಗೆ ಮೋಸ. ಹೇಳಿದವರಿಗೆ ಬರೆದದ್ದನ್ನು ಓದಿ ತೋರಿಸಿ ಒಪ್ಪಿಗೆ ಕೇಳಿದೆ. ಹೆಸರು ಬೇಡ ಅಂದರು, ಹೆಸರು ಬಿಟ್ಟೆ.

ಹಾಗಂತ ಸಿಕ್ಕಿದ್ದೆಲ್ಲ ಹಾಕಲೂ ಬಾರದು. ಯಾರಿಗೆ ಎಷ್ಟು ಸಾಲ ಕೊಟ್ಟಳು ಅನ್ನುವ ಪಟ್ಟಿ ಸಿಕ್ಕಿತ್ತು, ಒಂದು ಹೆಸರನ್ನೂ ಹಾಕಲಿಲ್ಲ. ಬೇರೆಯವರ ಮನೆ ಹುಡುಗಿಯರ ಗುಟ್ಟು, ಆಸ್ತಿ ಪಾಲಿನ ವ್ಯಾಜ್ಯ, ಬದುಕಿರುವವರ ಮರ್ಯಾದೆ ಕಳೆಯುವ ಯಾವ ವಿಷಯವೂ ಬೇಡ. ನಾಟಿ ಮದ್ದಿನ ಅಳತೆಯನ್ನೂ ಹಾಕಬೇಡಿ. ‘ಮಕ್ಕಳಿಗೆ ಮದ್ದು ಅರೆದು ಕೊಡುತ್ತಿದ್ದಳು’ ಅಂದರೆ ಸಾಕು. ಅಳತೆ ಹಾಕಿದರೆ ಯಾರಾದರೂ ಮಗುವಿಗೆ ಕೊಟ್ಟುನೋಡುತ್ತಾರೆ.

ಅಡುಗೆ ಒಂದೇ ಇರಲಿ. ಅಜ್ಜಿ ಪುಸ್ತಕ ಅಂದ ಕೂಡಲೇ ಹತ್ತು ತಂಬುಳಿ, ಐದು ಅಪ್ಪೆಹುಳಿ ಹಾಕುವುದು ಈಗ ರೂಢಿಯಾಗಿದೆ, ಅದು ಅಡುಗೆ ಪುಸ್ತಕ ಆಗುತ್ತದೆ. ನಾನು ಮಾವಿನಮಿಡಿ ಉಪ್ಪಿನಕಾಯಿ ಮಾತ್ರ ಹಾಕಿದೆ. ಅವಳ ಅಳತೆಯ ಲೋಟ ಇನ್ನೂ ಇತ್ತು, ಅದರಲ್ಲಿ ಉಪ್ಪು ತುಂಬಿ ತಕ್ಕಡಿಯಲ್ಲಿ ತೂಗಿ ಗ್ರಾಂ ಲೆಕ್ಕ ಬರೆದೆ. ‘ಅಂದಾಜಿಗೆ’ ಅನ್ನುವುದನ್ನು ಹೀಗೆ ಅಳತೆಗೆ ತರಬಹುದು.

ಬಂದಳೋ, ಬಂದರೋ, ಬಂತೋ

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನಾನು ಇದಕ್ಕೇ ಒಂದು ವಾರ ಒದ್ದಾಡಿದೆ. ನಮ್ಮ ಹವ್ಯಕ ಮಾತಿನ ಪ್ರಕಾರ ‘ಅಮ್ಮಮ್ಮ ಬಂತು’, ‘ಆಯಿ ಹೇಳ್ತು’. ಅದನ್ನು ಹಾಗೇ ಬರೆದರೆ ಹೊರಗಿನವರಿಗೆ ವಿಚಿತ್ರ ಕಾಣುತ್ತದೆ. ‘ಬಂದರು, ಹೇಳಿದರು’ ಅಂತ ಬರೆದೆ, ಯಾರೋ ಸನ್ಮಾನ ಪತ್ರ ಓದಿದ ಹಾಗಾಯಿತು. ಕೊನೆಗೆ ನನ್ನ ಮಾತಿಗೆ ‘ಬಂದಳು’, ಹೊರಗಿನವರು ಹೇಳಿದ್ದು ಅವರು ಹೇಳಿದ ಹಾಗೆ ‘ಬಂದರು’, ಮನೆಯವರ ಮಾತು ನಮ್ಮ ಆಡುಮಾತಿನಲ್ಲೇ. ನಿಮ್ಮನೆಯಲ್ಲಿ ಹೇಗೆ ಕರೆಯುತ್ತಿದ್ದಿರೋ ಹಾಗೆ ಬರೆಯಿರಿ, ಮುದ್ರಣ ಆಗುತ್ತದೆ ಅಂತ ಅಜ್ಜಿಯನ್ನು ದೂರ ಮಾಡಬೇಡಿ.

ಫೋಟೋ, ಪ್ರೆಸ್ಸು

ಹಳೇ ಫೋಟೋ ಆಲ್ಬಮ್ಮಿಗೆ ಅಂಟಿದ್ದರೆ ಕೀಳಬೇಡಿ, ಹರಿಯುತ್ತದೆ. ಬೆಳಗ್ಗೆ ಹತ್ತರ ಹೊತ್ತಿಗೆ ಜಗಲಿಯಲ್ಲಿ, ನೇರ ಬಿಸಿಲು ಬೀಳದ ಕಡೆ ಇಟ್ಟು, ಫ್ಲ್ಯಾಶ್ ಇಲ್ಲದೆ ಫೋನಿನಲ್ಲಿ ತೆಗೆಯಿರಿ. ಬಿಡಿ ಫೋಟೋ ಆದರೆ ಸ್ಕ್ಯಾನ್ ಮಾಡಿಸಿ, 300 ಡಿಪಿಐ, ಪಾಸ್‌ಪೋರ್ಟ್ ಅಳತೆಯ ಸಣ್ಣದಾದರೆ 600. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ತರಿಸುವಾಗ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಅನ್ನಿ, ಇಲ್ಲದಿದ್ದರೆ ಗುಣಮಟ್ಟ ಇಳಿದು ಮುದ್ರಣಕ್ಕೆ ಬರುವುದಿಲ್ಲ. ಫೋಟೋದಲ್ಲಿ ಯಾರ್ಯಾರಿದ್ದಾರೆ ಅಂತ ಹಿಂದುಗಡೆ ಮೆತ್ತನೆ ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಎದುರಿಗೆ ಮೂಡುತ್ತದೆ. ಲ್ಯಾಮಿನೇಷನ್ ಮಾಡಿಸುವ ಬುದ್ಧಿ ಬಂದರೆ ತಡೆದುಕೊಳ್ಳಿ.

ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಕ ಆದರೆ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು: 32, 36, 40. ಅಳತೆ ಡೆಮಿ ಎಂಟನೇ ಒಂದು (ಸಾಮಾನ್ಯ ಕನ್ನಡ ಪುಸ್ತಕದ ಅಳತೆ) ಸಾಕು. ನೀವು ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಯೂನಿಕೋಡ್. ಎಷ್ಟೋ ಪ್ರೆಸ್ಸಿನವರು ಅದನ್ನು ನುಡಿ ಅಥವಾ ಬೇರೆ ಫಾಂಟಿಗೆ ಬದಲಿಸಿಕೊಳ್ಳುತ್ತಾರೆ, ಆಗ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಕೆಡುತ್ತವೆ. ಪ್ರೂಫ್ ಕಾಗದದ ಮೇಲೆ ತರಿಸಿ, ಇಬ್ಬರು ಓದಿ, ಒಬ್ಬರು ಜೋರಾಗಿ, ಇನ್ನೊಬ್ಬರು ಮೂಲ ಹಿಡಿದು. ನಾನು ಒಬ್ಬಳೇ ಮೊಬೈಲಿನಲ್ಲಿ ನೋಡಿ ‘ಸರಿ’ ಅಂದೆ. ಪುಸ್ತಕ ಬಂದಾಗ ಎರಡು ಫೋಟೋಗಳ ಅಡಿಬರಹ ಅದಲು ಬದಲಾಗಿ, ಬದುಕಿರುವ ಸೋದರಮಾವನ ಚಿತ್ರದ ಕೆಳಗೆ ‘ದಿವಂಗತ’ ಅಂತ ಬಂದಿತ್ತು. ಮಾವ ನಕ್ಕರು, ಅತ್ತೆ ನಗಲಿಲ್ಲ. ನೂರೈವತ್ತು ಪ್ರತಿಗೂ ಕೂತು ಚೀಟಿ ಅಂಟಿಸಿದ್ದಾಯಿತು. ವರ್ಷಾಂತಕ್ಕೆ ಒಂದು ತಿಂಗಳು ಮೊದಲೇ ಪುಸ್ತಕ ಕೈಗೆ ಬರುವ ಹಾಗೆ ನೋಡಿಕೊಳ್ಳಿ, ಇಂಥ ಚೀಟಿಗೆ ಸಮಯ ಬೇಕಾಗುತ್ತದೆ.

ಕೊನೆಗೆ ಎರಡು ಖಾಲಿ ಪುಟ ಬಿಡಿ. ಪುಸ್ತಕ ಹಂಚಿದ ಮೇಲೆಯೇ ನಿಜವಾದ ಮಾತು ಶುರುವಾಗುವುದು. ವರ್ಷಾಂತದ ದಿನ ಊಟ ಆದ ಮೇಲೆ ಓದು ಬಾರದ ಹಿರಿಯರಿಗಾಗಿ ಜಗಲಿಯಲ್ಲಿ ಕೂತು ಓದಿದೆ. ಬತ್ತಿಯ ಭಾಗ ಬಂತು. ‘ನೂರಕ್ಕೆ ಒಂದು ಬೀಜ, 613 ಬೀಜ, ಒಟ್ಟು 61,300 ಬತ್ತಿ’ ಅಂತ ಓದಿದ ಕೂಡಲೇ ಕುಮಟಾದಿಂದ ಬಂದಿದ್ದ ಅಮ್ಮಮ್ಮನ ತಂಗಿ, ‘ನೂರಕ್ಕಲ್ದೇ, ಐವತ್ತಕ್ಕೆ. ನಂಗೇ ಹೇಳಿತ್ತು’ ಅಂದರು. ಪಕ್ಕದ ಮನೆ ಅತ್ತೆ ಬಿಡಲಿಲ್ಲ, ‘ನಾನು ದಿನಾ ಎದುರಿಗೆ ಕೂತು ನೋಡಿದ್ದಿ, ನೂರೇ’ ಅಂದರು. ಇಬ್ಬರೂ ಅಮ್ಮಮ್ಮನ ವಯಸ್ಸಿನ ಹತ್ತಿರದವರು, ಇಬ್ಬರಿಗೂ ಸಿಟ್ಟು ಬಂದಿತ್ತು, ಕವಳ ಹಾಕಿಕೊಳ್ಳುವ ತನಕ ತಣ್ಣಗಾಗಲಿಲ್ಲ. ಹೀಗೆ ಬಂದಾಗ ತೀರ್ಪು ಕೊಡಲು ಹೋಗಬೇಡಿ. ಯಾರು ಏನು ಹೇಳಿದರು ಅಂತ ಎರಡನ್ನೂ ಬರೆದುಕೊಳ್ಳಿ. ನಮ್ಮನೆ ಪ್ರತಿಯ ಕೊನೆಯ ಪುಟದಲ್ಲಿ ಈಗ ಪೆನ್ನಿನಲ್ಲಿ ಎರಡು ಸಾಲು ಇದೆ: ಪಕ್ಕದ ಮನೆ ಲೆಕ್ಕ 61,300, ತವರಿನ ಲೆಕ್ಕ 30,650.